ಎಲಿಜಬೆತ್ ವಾರನ್: ತಪ್ಪು ಸಾಲಗಾರನದೋ, ಸಾಲಪತ್ರದ್ದೋ?

ತುಂಗಾತೀರ

ಎಲಿಜಬೆತ್ ವಾರನ್ ಅಂದರೆ ನಮ್ಮ ಪತ್ರಿಕೆಗಳಲ್ಲಿ ಸಿಗುವುದು ಚುನಾವಣೆಯ ಸುದ್ದಿ ಮಾತ್ರ. 2019ರಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದಿಂದ ನಿಲ್ಲಲು ಹೊರಟರು, 2020ರ ಮಾರ್ಚ್ 5ರಂದು ಹಿಂದೆ ಸರಿದರು, 5 ಕೋಟಿ ಡಾಲರ್ ಮೀರಿದ ಆಸ್ತಿಯ ಮೇಲೆ ವರ್ಷಕ್ಕೆ 2% ತೆರಿಗೆ ಹಾಕಬೇಕು ಅಂದರು. ಅಲ್ಲಿಗೆ ಮುಗಿಯಿತು. ಅವರು ಮೂವತ್ತಕ್ಕೂ ಹೆಚ್ಚು ವರ್ಷ ಕಾನೂನು ಪಾಠ ಹೇಳಿದವರು, ಅದರಲ್ಲೂ ದಿವಾಳಿ ಕಾನೂನನ್ನು ಅರೆದು ಕುಡಿದವರು ಅನ್ನುವುದು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ.

ನನಗೆ ಬೇಕಿರುವುದು ಆ ಒಂದು ಸಾಲಿನ ಹಿಂದಿನ ವಿಚಾರ. ತರಗತಿಯಲ್ಲಿ ಹುಟ್ಟಿದ ಒಂದು ವಾದ ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೊ ಎಂಬ ಸರ್ಕಾರಿ ಸಂಸ್ಥೆಯಾಗಿದ್ದು ಹೇಗೆ? ಆ ಸಂಸ್ಥೆಯ ನಿಯಮಗಳಿಂದ ಸಾಮಾನ್ಯರಿಗೆ ಏನು ಸಿಕ್ಕಿತು? 2025ರ ನಂತರ ಅದರಲ್ಲಿ ಏನು ಉಳಿದಿದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಾನೂನುಕಟ್ಟೆ

ಮೊದಲ ಪ್ರಶ್ನೆಯಿಂದ ಶುರು ಮಾಡುತ್ತೇನೆ.

ಅಮೆರಿಕದಲ್ಲಿ 1978ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ವಾರನ್ ಆಗಷ್ಟೇ ಹೂಸ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರು ಮಾಡಿದ್ದರು. ದಿವಾಳಿ ಅರ್ಜಿ ಹಾಕುವವರು ಸಾಲ ತೀರಿಸದೆ ತಪ್ಪಿಸಿಕೊಳ್ಳುವ ಜನ ಎಂಬ ಗುಮಾನಿ ತಮಗೂ ಇತ್ತು ಎಂದು ಅವರೇ ಹಲವು ಸಲ ಹೇಳಿದ್ದಾರೆ. ಆ ಗುಮಾನಿ ನಿಜವೋ ಸುಳ್ಳೋ ನೋಡಲು ಸಮಾಜಶಾಸ್ತ್ರಜ್ಞೆ ತೆರೇಸಾ ಸಲಿವನ್, ಕಾನೂನು ಪ್ರಾಧ್ಯಾಪಕ ಜೇ ವೆಸ್ಟ್‌ಬ್ರೂಕ್ ಜೊತೆ ಸೇರಿ ನ್ಯಾಯಾಲಯದ ಕಡತಗಳನ್ನೇ ತೆಗೆದು ಓದಿದರು. ಇಲಿನಾಯ್, ಪೆನ್ಸಿಲ್ವೇನಿಯಾ, ಟೆಕ್ಸಾಸ್ ರಾಜ್ಯಗಳಲ್ಲಿ 1981ರಲ್ಲಿ ದಾಖಲಾದ ಸುಮಾರು 1,500 ಅರ್ಜಿಗಳು.

ಆ ಕಾಲಕ್ಕೆ ಇದು ಹೊಸ ಬಗೆಯ ಕೆಲಸ. ಕಾನೂನು ಪ್ರಾಧ್ಯಾಪಕರು ತೀರ್ಪುಗಳನ್ನು ಓದುತ್ತಿದ್ದರೇ ಹೊರತು ಅರ್ಜಿಗೆ ಲಗತ್ತಿಸಿದ ಆಸ್ತಿ ಪಟ್ಟಿ, ಸಾಲದ ಪಟ್ಟಿ, ತಿಂಗಳ ಖರ್ಚಿನ ಪಟ್ಟಿಗಳನ್ನು ಕೂತು ಓದುತ್ತಿರಲಿಲ್ಲ. ಕಂಡಿದ್ದೇನೆಂದರೆ ಅರ್ಜಿದಾರರಲ್ಲಿ ಬಹುಪಾಲು ಮಧ್ಯಮ ವರ್ಗದವರು. ಓದಿದವರು, ಕೆಲಸದಲ್ಲಿದ್ದವರು, ಎಷ್ಟೋ ಜನ ಸ್ವಂತ ಮನೆ ಇದ್ದವರು. ಅವರನ್ನು ಕೆಡವಿದ ಕಾರಣಗಳು ಮತ್ತೆ ಮತ್ತೆ ಮೂರೇ: ಕೆಲಸ ಹೋಗುವುದು, ಕಾಯಿಲೆ, ವಿಚ್ಛೇದನ. ಮುಂದಿನ ಸುತ್ತಿನ ಸಂಶೋಧನೆಗಳಲ್ಲಿ ಇನ್ನೊಂದು ವಿಷಯ ಗಟ್ಟಿಯಾಯಿತು. ಮಕ್ಕಳಿರುವ ಕುಟುಂಬಗಳು ದಿವಾಳಿಯಾಗುವುದು ಮಕ್ಕಳಿಲ್ಲದವರಿಗಿಂತ ಹೆಚ್ಚು. ಒಳ್ಳೆಯ ಶಾಲೆ ಇರುವ ಬಡಾವಣೆಯಲ್ಲಿ ಮನೆ ಹಿಡಿಯಲು ಗಂಡ ಹೆಂಡತಿ ಇಬ್ಬರ ಸಂಬಳವನ್ನೂ ಕಂತಿಗೆ ಕಟ್ಟಿಬಿಡುತ್ತಾರೆ. ಒಬ್ಬರ ಸಂಬಳ ನಿಂತರೂ ಮನೆ ನಡೆಯುವುದಿಲ್ಲ. ಮೊದಲಿನ ಕಾಲದಲ್ಲಿ ಒಬ್ಬರ ದುಡಿಮೆ ನಿಂತರೆ ಇನ್ನೊಬ್ಬರು ಕೆಲಸಕ್ಕೆ ಹೋಗುವ ದಾರಿ ಇರುತ್ತಿತ್ತು. ಈಗ ಆ ದಾರಿಯೂ ಮೊದಲೇ ಖರ್ಚಾಗಿದೆ. ವಾರನ್ ಅವರ ಇಡೀ ರಾಜಕೀಯ ಇರುವುದು ಈ ಲೆಕ್ಕದ ಮೇಲೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕದ ಪುಸ್ತಕ

ಕಾನೂನುಕಟ್ಟೆಯವರು ಹೇಳಿದ್ದರ ಮುಂದಿನ ಹೆಜ್ಜೆ 2007ರ ಬೇಸಿಗೆಯಲ್ಲಿ ಬಂದ ವಾರನ್ ಅವರ ಒಂದು ಲೇಖನ. ಅದರ ವಾದ ಇದು: ಐದರಲ್ಲಿ ಒಂದು ಹೊತ್ತಿ ಉರಿದು ಮನೆ ಸುಡುವಂಥ ಟೋಸ್ಟರನ್ನು ಅಮೆರಿಕದ ಅಂಗಡಿಯಲ್ಲಿ ಮಾರಲಾಗದು, ಯಾಕೆಂದರೆ 1972ರಿಂದ ವಸ್ತುಗಳ ಸುರಕ್ಷತೆ ನೋಡುವ ಒಂದು ಆಯೋಗವಿದೆ. ಐದರಲ್ಲಿ ಒಂದು ಕುಟುಂಬವನ್ನು ಬೀದಿಗೆ ತರುವ ಗೃಹಸಾಲವನ್ನು ಮಾತ್ರ ಯಾರು ಬೇಕಾದರೂ ಮಾರಬಹುದು. ಟೋಸ್ಟರ್ ಸುಟ್ಟರೆ ಕೊಂಡವನ ಅಜಾಗರೂಕತೆ ಅನ್ನುವುದಿಲ್ಲ. ಸಾಲ ಸುಟ್ಟರೆ ಮಾತ್ರ ಓದಿ ಸಹಿ ಹಾಕಬೇಕಿತ್ತು ಅನ್ನುತ್ತೇವೆ.

ಇದು ಬರೀ ಹೋಲಿಕೆಯ ಚಂದವಲ್ಲ. ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತದ ಲೆಕ್ಕ ಹಾಕಿ ನೋಡಿ. 5,000 ಡಾಲರ್ ಬಾಕಿ, ವರ್ಷಕ್ಕೆ 24% ಬಡ್ಡಿ, ಕನಿಷ್ಠ ಮೊತ್ತ ಅಂದರೆ ಆ ತಿಂಗಳ ಬಡ್ಡಿ ಮತ್ತು ಅಸಲಿನ 1% ಎಂದಿಟ್ಟುಕೊಳ್ಳಿ. ಮೊದಲ ತಿಂಗಳು ಬಡ್ಡಿ 100, ಅಸಲು 50, ಒಟ್ಟು 150. ಹೊಸ ಖರೀದಿ ಒಂದೂ ಮಾಡದೆ ಪ್ರತಿ ತಿಂಗಳೂ ಕೇಳಿದಷ್ಟನ್ನು ಚಾಚೂ ತಪ್ಪದೆ ಕಟ್ಟುತ್ತ ಹೋದರೆ ಬಾಕಿ ಅರ್ಧಕ್ಕೆ ಇಳಿಯಲು 69 ತಿಂಗಳು ಬೇಕು. ಅಷ್ಟರಲ್ಲಿ ಕಟ್ಟಿದ್ದು 7,500. ಅದರಲ್ಲಿ 5,000 ಬಡ್ಡಿಗೇ ಹೋಯಿತು, ಇನ್ನೂ 2,500 ಬಾಕಿ ಇದೆ. ಅದೇ ಸಾಲವನ್ನು 36 ತಿಂಗಳಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 196 ಡಾಲರ್ ಸಾಕು, ಒಟ್ಟು ಬಡ್ಡಿ 2,062. ಮೊದಲ ತಿಂಗಳ ಕಂತಿನಲ್ಲಿ ಇರುವ ವ್ಯತ್ಯಾಸ 46 ಡಾಲರ್.

ಈ ಎರಡನೇ ಅಂಕಿ ಜನರಿಗೆ ಕಾಣುತ್ತಲೇ ಇರಲಿಲ್ಲ. 2009ರ ಕ್ರೆಡಿಟ್ ಕಾರ್ಡ್ ಕಾಯ್ದೆ ಬಂದ ಮೇಲೆ ಅಮೆರಿಕದ ಪ್ರತಿ ಬಿಲ್ಲಿನಲ್ಲೂ ಒಂದು ಚೌಕ ಕಡ್ಡಾಯವಾಯಿತು: ಕನಿಷ್ಠ ಮಾತ್ರ ಕಟ್ಟಿದರೆ ಎಷ್ಟು ವರ್ಷ, ಒಟ್ಟು ಎಷ್ಟು; 36 ತಿಂಗಳಲ್ಲಿ ಮುಗಿಸಲು ತಿಂಗಳಿಗೆ ಎಷ್ಟು. ಜೊತೆಗೆ ಬಡ್ಡಿ ಏರಿಸಲು 45 ದಿನ ಮೊದಲೇ ತಿಳಿಸಬೇಕು, ಬಿಲ್ ಕಳಿಸಿದ ಮೇಲೆ ಕಟ್ಟಲು ಕನಿಷ್ಠ 21 ದಿನ ಕೊಡಬೇಕು ಎಂಬ ನಿಯಮಗಳೂ ಬಂದವು.

ಸಹ್ಯಾದ್ರಿ ಓದುಗ

ವಾರನ್ ಅವರ ಕೆಲಸದ ಬಗ್ಗೆ ಗೌರವ ಇದ್ದೇ ಹೇಳುತ್ತಿದ್ದೇನೆ, ಎಲ್ಲ ಅಂಕಿಗಳನ್ನೂ ಒಂದೇ ತೂಕದಲ್ಲಿ ಇಡಬಾರದು. 2007ರ ದಿವಾಳಿ ಪ್ರಕರಣಗಳಲ್ಲಿ 62% ವೈದ್ಯಕೀಯ ಕಾರಣದವು ಎಂಬ ಅಧ್ಯಯನದಲ್ಲಿ ಅವರೂ ಸಹಲೇಖಕಿ. ಅಲ್ಲಿ ಆಸ್ಪತ್ರೆ ಬಿಲ್, ಕಾಯಿಲೆಯಿಂದ ಹೋದ ಸಂಬಳ ಎಲ್ಲವನ್ನೂ ಸೇರಿಸಿ ಎಣಿಸಲಾಗಿತ್ತು. ಕಾಯಿಲೆ ಜೊತೆಯಲ್ಲಿ ಇದ್ದದ್ದಕ್ಕೂ ಕಾಯಿಲೆಯೇ ಕಾರಣ ಆಗಿದ್ದಕ್ಕೂ ವ್ಯತ್ಯಾಸವಿದೆ. 2018ರಲ್ಲಿ ಬೇರೆ ಅರ್ಥಶಾಸ್ತ್ರಜ್ಞರು ಆಸ್ಪತ್ರೆಗೆ ದಾಖಲಾದವರನ್ನು ಹಿಂಬಾಲಿಸಿ ಲೆಕ್ಕ ಹಾಕಿದಾಗ, ವೃದ್ಧರಲ್ಲದ ವಯಸ್ಕರ ದಿವಾಳಿಗಳಲ್ಲಿ ಆಸ್ಪತ್ರೆವಾಸದಿಂದ ಆದವು ಸುಮಾರು 4% ಎಂದು ಬಂತು. ಎರಡೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ, ಆದರೂ ಅಂತರ ಸಣ್ಣದಲ್ಲ.

ಇನ್ನೊಂದು ಮಾತು. ಸಾಲ ಮನ್ನಾ ಸುಲಭವಾದರೆ ಸಾಲ ಕೊಡುವವನು ಎಲ್ಲರ ಬಡ್ಡಿಯಲ್ಲೂ ಆ ನಷ್ಟ ಸೇರಿಸುತ್ತಾನೆ. ಇದಕ್ಕೆ ಅವರ ಉತ್ತರ ಏನು?

ಕಾನೂನುಕಟ್ಟೆ

ಸಹ್ಯಾದ್ರಿಯವರೇ, 62ರ ಅಂಕಿ ಬಗ್ಗೆ ನಿಮ್ಮ ತಕರಾರು ಒಪ್ಪುತ್ತೇನೆ. ಆ ಅಂಕಿ ಭಾಷಣಕ್ಕೆ ಹೋದಾಗ ಅದರ ವ್ಯಾಖ್ಯೆ ಹಿಂದೆಯೇ ಉಳಿಯಿತು. 1981ರ ಕಡತಗಳ ಕೆಲಸ ಅದಕ್ಕಿಂತ ಗಟ್ಟಿ.

ಬಡ್ಡಿಯ ಪ್ರಶ್ನೆಗೆ ಉತ್ತರ 2005ರ ದಿವಾಳಿ ತಿದ್ದುಪಡಿಯಲ್ಲೇ ಇದೆ. ಬ್ಯಾಂಕು, ಕಾರ್ಡ್ ಕಂಪನಿಗಳು ಎಂಟು ವರ್ಷ ಬೆನ್ನುಹತ್ತಿ ತಂದ ಕಾನೂನು ಅದು. ವಾರನ್ ಸೆನೆಟ್ ಸಮಿತಿಯ ಮುಂದೆ ನಿಂತು ವಿರೋಧಿಸಿದರು. ಆಗ ಅವರ ಎದುರು ವಾದ ಮಾಡಿದವರಲ್ಲಿ ಜೋ ಬೈಡನ್ ಕೂಡ ಇದ್ದರು. ಸೆನೆಟ್‌ನಲ್ಲಿ 74–25ರಲ್ಲಿ ಅಂಗೀಕಾರವಾಗಿ 2005ರ ಅಕ್ಟೋಬರ್ 17ಕ್ಕೆ ಜಾರಿಗೆ ಬಂತು. ಅದು ತಂದ ತೊಡಕು ಈಗಲೂ ಅರ್ಜಿದಾರರ ಕಾಲಿಗೆ ಸುತ್ತಿಕೊಳ್ಳುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ವ್ಯಕ್ತಿಗಳು ಹಾಕುವ ಅರ್ಜಿ ಮುಖ್ಯವಾಗಿ ಎರಡು ಬಗೆ. ದಿವಾಳಿ ಸಂಹಿತೆಯ 7ನೇ ಅಧ್ಯಾಯದಲ್ಲಿ ವಿನಾಯ್ತಿ ಬಿಟ್ಟು ಉಳಿದ ಆಸ್ತಿ ಮಾರಿ ಸಾಲ ರದ್ದು. 13ನೇ ಅಧ್ಯಾಯದಲ್ಲಿ 3ರಿಂದ 5 ವರ್ಷ ಕಂತು. 2005ರ ನಂತರ 7ಕ್ಕೆ ಹೋಗಲು ಆದಾಯ ಪರೀಕ್ಷೆ ದಾಟಬೇಕು. ಅರ್ಜಿಯ ತಿಂಗಳಿಗೆ ಹಿಂದಿನ 6 ತಿಂಗಳ ಸರಾಸರಿ ಆದಾಯವನ್ನು, ಅಷ್ಟೇ ಜನರಿರುವ ಕುಟುಂಬಕ್ಕೆ ಆ ರಾಜ್ಯದಲ್ಲಿ ಇರುವ ಮಧ್ಯಮ ಆದಾಯಕ್ಕೆ ಹೋಲಿಸುತ್ತಾರೆ. ಕಡಿಮೆ ಇದ್ದರೆ ದಾರಿ ಸಲೀಸು. ಹೆಚ್ಚಿದ್ದರೆ ಖರ್ಚುಗಳ ಉದ್ದನೆಯ ಫಾರಂ ತುಂಬಬೇಕು.

ಎಡವುವುದು ಎಲ್ಲೆಂದರೆ, ನಿನ್ನೆ ಕೆಲಸ ಹೋದವನ ಹಿಂದಿನ ಆರು ತಿಂಗಳ ಸರಾಸರಿ ಇನ್ನೂ ಎತ್ತರದಲ್ಲೇ ಇರುತ್ತದೆ. ಎರಡು ಮೂರು ತಿಂಗಳು ತಡೆದು ಹಾಕಿದರೆ ಸರಾಸರಿ ಇಳಿಯುತ್ತದೆ. ಆದರೆ ಅಷ್ಟರೊಳಗೆ ಮನೆ ಜಪ್ತಿಯ ದಿನ ಬಂದರೆ ತಡೆಯುವಂತಿಲ್ಲ, ಯಾಕೆಂದರೆ ವಸೂಲಿಗೆ ತಡೆ ಬೀಳುವುದು ಅರ್ಜಿ ಹಾಕಿದ ಕ್ಷಣದಿಂದ. ಇನ್ನು ಎರಡು ಕೋರ್ಸುಗಳು: ಅರ್ಜಿಗೆ ಮುಂಚಿನ 180 ದಿನಗಳೊಳಗೆ ಸಾಲ ಸಮಾಲೋಚನೆ, ಅರ್ಜಿಯ ನಂತರ ಹಣಕಾಸು ಪಾಠ. ಮೊದಲನೆಯದು ಇಲ್ಲದಿದ್ದರೆ ಅರ್ಜಿ ವಜಾ ಆಗಬಹುದು. ಎರಡನೆಯದು ಮರೆತರೆ ಸಾಲ ರದ್ದಾಗದೆ ಕಡತ ಮುಚ್ಚುತ್ತದೆ, ಮತ್ತೆ ತೆರೆಸಲು ಮತ್ತೆ ಶುಲ್ಕ.

ಹೀಗೆ ಬಡವನಿಗೆ ಕಾಗದಪತ್ರ, ವಕೀಲರ ಶುಲ್ಕ ಎರಡೂ ಏರಿದವು. ಅದರಿಂದ ಬ್ಯಾಂಕುಗಳಿಗೆ ಆಗುವ ಉಳಿತಾಯ ಕಾರ್ಡುದಾರರ ಬಡ್ಡಿ ಇಳಿಕೆಯಾಗಿ ಬರುತ್ತದೆ ಎಂಬ ಭರವಸೆಯನ್ನು ವಾರನ್ ಅಂದೇ ನಂಬಲಿಲ್ಲ. ನಾನೂ ನಂಬುವುದಿಲ್ಲ.

ಹುಬ್ಬಳ್ಳಿಯವಳು

ಸಂಸ್ಥೆ ಹುಟ್ಟಿದ ಕಥೆ ನಾನು ಬರೆಯುತ್ತೇನೆ.

2008ರ ಕುಸಿತದ ಮುನ್ನ ಗ್ರಾಹಕರ ಹಿತ ನೋಡುವ ಕೆಲಸ ಏಳು ಕೇಂದ್ರ ಸಂಸ್ಥೆಗಳಲ್ಲಿ ಹಂಚಿಹೋಗಿತ್ತು. ಯಾವುದಕ್ಕೂ ಅದು ಮೊದಲ ಕೆಲಸವಾಗಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಬ್ಯಾಂಕು ತನ್ನ ಪರವಾನಗಿ ಬದಲಿಸಿ ತನಗೆ ಬೇಕಾದ ಮೇಲ್ವಿಚಾರಕರನ್ನು ಆರಿಸಿಕೊಳ್ಳಬಹುದಿತ್ತು. ದೇಶದ ಅತಿ ದೊಡ್ಡ ಗೃಹಸಾಲ ಕಂಪನಿಯಾಗಿದ್ದ ಕಂಟ್ರಿವೈಡ್ 2007ರಲ್ಲಿ ಹಾಗೆಯೇ ಉಳಿತಾಯ ಸಂಸ್ಥೆಗಳ ಕಚೇರಿಯ ಅಡಿಗೆ ಹೋಯಿತು. ಆ ಕಚೇರಿಯ ಖರ್ಚು ನಡೆಯುತ್ತಿದ್ದದ್ದು ಅದು ಮೇಲ್ವಿಚಾರಣೆ ಮಾಡುವ ಸಂಸ್ಥೆಗಳ ಶುಲ್ಕದಿಂದ. ಕಾವಲುಗಾರನ ಸಂಬಳ ತೋಟಕ್ಕೆ ನುಗ್ಗುವವನೇ ಕೊಟ್ಟರೆ ಕಾವಲು ಎಷ್ಟರದ್ದು? ಕೊನೆಗೆ ಆ ಕಚೇರಿಯನ್ನೇ ಮುಚ್ಚಬೇಕಾಯಿತು.

2008ರ ನವೆಂಬರ್‌ನಲ್ಲಿ ಬ್ಯಾಂಕುಗಳಿಗೆ ಕೊಟ್ಟ 70,000 ಕೋಟಿ ಡಾಲರ್ ನೆರವನ್ನು ಪರಿಶೀಲಿಸುವ ಸಂಸತ್ತಿನ ಮಂಡಳಿಗೆ ವಾರನ್ ನೇಮಕವಾದರು, ಅದರ ಅಧ್ಯಕ್ಷೆಯಾದರು. 2010ರ ಜುಲೈ 21ರಂದು ಹಣಕಾಸು ವಲಯದ ಸುಧಾರಣೆಗೆ ತಂದ ಡಾಡ್–ಫ್ರಾಂಕ್ ಕಾಯ್ದೆಗೆ ಒಬಾಮ ಸಹಿ ಬಿತ್ತು. ಅದರ ಹತ್ತನೇ ಭಾಗವೇ ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೊ. ಅದನ್ನು ಕಟ್ಟುವ ಹೊಣೆ ಸೆಪ್ಟೆಂಬರ್‌ನಲ್ಲಿ ವಾರನ್ ಹೆಗಲಿಗೆ ಬಂತು, 2011ರ ಜುಲೈ 21ರಂದು ಬಾಗಿಲು ತೆರೆಯಿತು. ಆದರೆ ನಿರ್ದೇಶಕರ ಕುರ್ಚಿ ಅವರಿಗೆ ಸಿಗಲಿಲ್ಲ. ಸಂಸ್ಥೆಯ ರಚನೆ ಬದಲಿಸದಿದ್ದರೆ ಯಾರನ್ನೂ ಒಪ್ಪುವುದಿಲ್ಲ ಎಂದು 44 ರಿಪಬ್ಲಿಕನ್ ಸೆನೆಟರ್‌ಗಳು ಪತ್ರ ಬರೆದಿದ್ದರು. ರಿಚರ್ಡ್ ಕಾರ್ಡ್ರೇ ನಿರ್ದೇಶಕರಾದರು. ವಾರನ್ ಊರಿಗೆ ಹಿಂದಿರುಗಿ 2012ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಸೆನೆಟ್‌ಗೆ ಗೆದ್ದು ಬಂದರು. ಕುರ್ಚಿ ತಪ್ಪಿಸಿದವರ ಎದುರಿನ ಸಾಲಿನಲ್ಲೇ ಕೂತರು.

ಬ್ಯೂರೊದ ಮಿತಿಗಳೂ ಗೊತ್ತಿರಲಿ. 1,000 ಕೋಟಿ ಡಾಲರಿಗಿಂತ ದೊಡ್ಡ ಬ್ಯಾಂಕುಗಳ ತಪಾಸಣೆ ಮಾತ್ರ ಅದರ ಕೈಯಲ್ಲಿ, ಸಣ್ಣವು ಹಳೆಯ ಮೇಲ್ವಿಚಾರಕರ ಬಳಿಯೇ. ಗೃಹಸಾಲ, ಸಂಬಳದ ದಿನದ ಕೈಸಾಲ, ಖಾಸಗಿ ವಿದ್ಯಾರ್ಥಿ ಸಾಲ ಕೊಡುವ ಬ್ಯಾಂಕೇತರ ಕಂಪನಿಗಳು ಎಷ್ಟೇ ಸಣ್ಣವಿದ್ದರೂ ಅದರ ವ್ಯಾಪ್ತಿಗೆ ಬರುತ್ತವೆ. ಕಾರ್ ಡೀಲರ್‌ಗಳನ್ನು ಬಹುಮಟ್ಟಿಗೆ ಹೊರಗಿಟ್ಟರು. ಮುಖ್ಯವಾಗಿ, ಬಡ್ಡಿಗೆ ಮಿತಿ ಹಾಕುವ ಅಧಿಕಾರ ಅದಕ್ಕಿಲ್ಲ. ಕಾಯ್ದೆಯೇ ಅದನ್ನು ನಿಷೇಧಿಸಿದೆ.

ಡೆಲವೇರ್ ಕನ್ನಡಿಗ

ಅಮೆರಿಕದಲ್ಲಿ ಇರುವ ಕನ್ನಡಿಗರಿಗೆ ನೇರ ಉಪಯೋಗಕ್ಕೆ ಬರುವುದು ಬ್ಯೂರೊದ ದೂರು ವ್ಯವಸ್ಥೆ. ವೀಸಾದ ಮೇಲೆ ಇರುವವರೂ ಹಾಕಬಹುದು, ಶುಲ್ಕವಿಲ್ಲ.

ದೂರು ಜಾಲತಾಣದಲ್ಲಿ ಅಥವಾ ಫೋನಿನಲ್ಲಿ. ಬ್ಯೂರೊ ಅದನ್ನು ಕಂಪನಿಗೆ ಕಳಿಸುತ್ತದೆ. ಸಾಮಾನ್ಯವಾಗಿ 15 ದಿನದಲ್ಲಿ ಉತ್ತರ ಬರಬೇಕು, ಕೆಲವು ಪ್ರಕರಣಗಳಲ್ಲಿ 60 ದಿನದವರೆಗೆ ಹೋಗಬಹುದು. ಉತ್ತರ ಬಂದ ಮೇಲೆ ನಿಮ್ಮ ಅಭಿಪ್ರಾಯ ಹೇಳಲು 60 ದಿನ. ಒಂದೇ ವಿಷಯಕ್ಕೆ ಎರಡನೇ ದೂರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೊದಲ ಸಲವೇ ಗಟ್ಟಿಯಾಗಿ ಬರೆಯಬೇಕು. ಒಂದು ದೂರಿಗೆ ಒಂದೇ ಸಮಸ್ಯೆ. ಆಗಿದ್ದನ್ನು ದಿನಾಂಕದ ಕ್ರಮದಲ್ಲಿ, ಡಾಲರ್ ಸೆಂಟ್ ಸಮೇತ ಬರೆಯಿರಿ. ಕೊನೆಯಲ್ಲಿ ಏನು ಬೇಕು ಎಂಬುದು ಒಂದೇ ವಾಕ್ಯದಲ್ಲಿ: ಇಷ್ಟು ಶುಲ್ಕ ವಾಪಸ್, ಈ ನಮೂದು ಅಳಿಸುವುದು. ಸಿಟ್ಟಿನ ಮಾತು ಬೇಡ, ಅದನ್ನು ಓದುವ ಕಂಪನಿಯ ಸಿಬ್ಬಂದಿಗೆ ಅಂಕಿ ಬೇಕು. ಖಾತೆ ಸಂಖ್ಯೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳನ್ನು ವಿವರಣೆಯ ಭಾಗದಲ್ಲಿ ಬರೆಯಬೇಡಿ, ಏಕೆಂದರೆ ನೀವು ಒಪ್ಪಿದರೆ ಆ ವಿವರಣೆ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ.

ಹೆಚ್ಚು ದೂರುಗಳು ದಾರಿ ತಪ್ಪುವುದು ಕಂಪನಿಯ ಹೆಸರಿನಲ್ಲಿ. ಸಾಲ ಕೊಟ್ಟದ್ದು ಒಬ್ಬರು, ಕಂತು ವಸೂಲಿ ಮಾಡುವವರು ಇನ್ನೊಬ್ಬರು, ಬಾಕಿ ಕೊಂಡ ವಸೂಲಿ ಸಂಸ್ಥೆ ಮತ್ತೊಬ್ಬರು. ನಿಮ್ಮ ಕೈಲಿರುವ ಇತ್ತೀಚಿನ ಪತ್ರದಲ್ಲಿ ಯಾರ ಹೆಸರಿದೆಯೋ ಅದನ್ನೇ ಹಾಕಿ.

ಎರಡನೆಯದು ಇನ್ನೂ ದೊಡ್ಡ ತಪ್ಪು. ಬ್ಯೂರೊಗೆ ದೂರು ಕೊಟ್ಟರೆ ಕಾನೂನಿನ ಗಡುವು ನಿಲ್ಲುವುದಿಲ್ಲ. ಕ್ರೆಡಿಟ್ ಕಾರ್ಡ್ ಬಿಲ್ಲಿನ ತಪ್ಪಿಗೆ ಮೊದಲ ಬಿಲ್ ಬಂದ 60 ದಿನದೊಳಗೆ ಕಂಪನಿಗೇ ಲಿಖಿತವಾಗಿ, ತಕರಾರಿಗೆಂದು ಕೊಟ್ಟಿರುವ ವಿಳಾಸಕ್ಕೆ ಕಳಿಸಬೇಕು. ಕಂತು ಕಟ್ಟುವ ವಿಳಾಸ ಬೇರೆ ಇರುತ್ತದೆ, ಅಲ್ಲಿಗೆ ಕಳಿಸಿದರೆ ಹಕ್ಕು ಕೈತಪ್ಪುತ್ತದೆ. ಡೆಬಿಟ್ ಕಾರ್ಡ್ ಕಳುವಾದರೆ ಗೊತ್ತಾದ 2 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ನಷ್ಟ ಹೆಚ್ಚೆಂದರೆ 50 ಡಾಲರ್, ಆಮೇಲೆ 500ರವರೆಗೆ, ಸ್ಟೇಟ್‌ಮೆಂಟ್ ಕಳಿಸಿ 60 ದಿನ ಕಳೆದ ಮೇಲಿನ ಕಳವಿಗೆ ಮಿತಿಯೇ ಇಲ್ಲ. ಕ್ರೆಡಿಟ್ ರಿಪೋರ್ಟಿನ ತಪ್ಪಿಗೆ ಮೊದಲು ಆ ರಿಪೋರ್ಟ್ ಕೊಟ್ಟ ಕಂಪನಿಗೇ ತಕರಾರು, ಅವರಿಗೆ ಸಾಮಾನ್ಯವಾಗಿ 30 ದಿನ ಇರುತ್ತದೆ. ವಸೂಲಿಯವರ ಮೊದಲ ನೋಟಿಸು ಬಂದ 30 ದಿನದೊಳಗೆ ಸಾಲವನ್ನು ಲಿಖಿತವಾಗಿ ಪ್ರಶ್ನಿಸಿದರೆ, ಪುರಾವೆ ಕಳಿಸುವವರೆಗೆ ಅವರು ವಸೂಲಿ ನಿಲ್ಲಿಸಬೇಕು. ಕೋರ್ಟ್ ಸಮನ್ಸ್ ಬಂದಿದ್ದರಂತೂ ಅದಕ್ಕೆ ಕೋರ್ಟಿನಲ್ಲೇ ಉತ್ತರ ಕೊಡಬೇಕು.

ಮಲ್ಲಿಗೆಮೊಗ್ಗು

ಅಲ್ಲಿಂದ ಇಲ್ಲಿಗೆ ಹಣ ಕಳಿಸುವಾಗ ತೊಂದರೆಯಾದರೆ ಇದೇ ಬ್ಯೂರೊದ ನಿಯಮವೇ, ಸರ್? ಮೈಸೂರಿನ ಖಾತೆಗೆ ಹೇಳಿದ್ದಕ್ಕಿಂತ ಕಡಿಮೆ ಬಂದರೆ ಯಾರನ್ನು ಕೇಳಬೇಕು?

ಡೆಲವೇರ್ ಕನ್ನಡಿಗ

ಹೌದು ಮೇಡಂ. ಡಾಡ್–ಫ್ರಾಂಕ್ ಕಾಯ್ದೆಯ 1073ನೇ ಕಲಮಿನಡಿ ಬಂದ ನಿಯಮ, 2013ರ ಅಕ್ಟೋಬರ್ 28ರಿಂದ ಜಾರಿಯಲ್ಲಿದೆ. ವರ್ಷಕ್ಕೆ 500ಕ್ಕಿಂತ ಹೆಚ್ಚು ರವಾನೆ ಮಾಡುವ ಬ್ಯಾಂಕು, ಆ್ಯಪ್‌ಗಳಿಗೆಲ್ಲ ಅನ್ವಯ. 15 ಡಾಲರ್ ಮತ್ತು ಅದಕ್ಕಿಂತ ಕಡಿಮೆಯದಕ್ಕೆ ಇಲ್ಲ.

ಹಣ ಕಟ್ಟುವ ಮೊದಲೇ ವಿನಿಮಯ ದರ, ಶುಲ್ಕ, ಈ ಕಡೆ ಕೈಗೆ ಸಿಗುವ ಮೊತ್ತ ತೋರಿಸಬೇಕು. ಕಟ್ಟಿದ ಮೇಲೆ ಕೊಡುವ ರಸೀದಿಯಲ್ಲಿ ಹಣ ತಲುಪುವ ದಿನಾಂಕವೂ ಇರಬೇಕು. ಕಟ್ಟಿದ 30 ನಿಮಿಷದೊಳಗೆ ರದ್ದು ಮಾಡಬಹುದು, ಹಣ ಅಷ್ಟರಲ್ಲಿ ಈ ಕಡೆ ತಲುಪಿರಬಾರದು ಅಷ್ಟೇ. ಆಗ ಶುಲ್ಕವೂ ಸೇರಿ 3 ಕೆಲಸದ ದಿನದಲ್ಲಿ ವಾಪಸ್ ಬರಬೇಕು. ಮೊತ್ತ ಕಡಿಮೆ ಬಂದರೆ, ತಡವಾದರೆ ರಸೀದಿಯಲ್ಲಿ ಹೇಳಿದ ದಿನಾಂಕದಿಂದ 180 ದಿನದೊಳಗೆ ತಿಳಿಸಬೇಕು, ಅವರು 90 ದಿನದಲ್ಲಿ ತನಿಖೆ ಮುಗಿಸಬೇಕು. ಕೇಳಬೇಕಾದವರು ಅಲ್ಲಿಂದ ಕಳಿಸಿದವರು, ಪಡೆದವರಲ್ಲ. ರಸೀದಿಯ ಚಿತ್ರವನ್ನು ಅಂದೇ ಉಳಿಸಿಕೊಳ್ಳಿ. ಖಾತೆ ಸಂಖ್ಯೆಯನ್ನು ಕಳಿಸಿದವರೇ ತಪ್ಪು ಕೊಟ್ಟಿದ್ದರೆ ರಕ್ಷಣೆ ಬಹಳ ತೆಳು. ಐಎಫ್‌ಎಸ್‌ಸಿ ಸಂಖ್ಯೆಯನ್ನು ಎರಡು ಸಲ ನೋಡಿ.

ಸಹ್ಯಾದ್ರಿ ಓದುಗ

ಇಷ್ಟೆಲ್ಲ ಇದ್ದರೂ ಒಂದು ದೊಡ್ಡ ತೂತು ಹಾಗೇ ಇದೆ, ಯಾರೂ ಎತ್ತಲಿಲ್ಲ. ಅದು ಕಡ್ಡಾಯ ಪಂಚಾಯ್ತಿಯ ಷರತ್ತು. ಕಾರ್ಡ್, ಖಾತೆ ಒಪ್ಪಂದಗಳ ಸಣ್ಣ ಅಕ್ಷರದಲ್ಲಿ, ತಕರಾರು ಬಂದರೆ ಕೋರ್ಟಿಗೆ ಹೋಗುವಂತಿಲ್ಲ, ಖಾಸಗಿ ಪಂಚರ ಮುಂದೆಯೇ ಹೋಗಬೇಕು, ಅದೂ ಒಬ್ಬೊಬ್ಬರಾಗಿ ಎಂದು ಬರೆದಿರುತ್ತದೆ. 30 ಡಾಲರ್ ಶುಲ್ಕಕ್ಕಾಗಿ ಒಬ್ಬರೇ ಯಾರು ಹೋಗುತ್ತಾರೆ? ಹತ್ತು ಲಕ್ಷ ಜನರಿಂದ ಹಾಗೆ ತೆಗೆದರೆ ಮೂರು ಕೋಟಿ ಡಾಲರ್. ಬ್ಯೂರೊ 2017ರ ಜುಲೈಯಲ್ಲಿ ಸಾಮೂಹಿಕ ದಾವೆಗೆ ಅಡ್ಡ ಬರುವ ಆ ಷರತ್ತನ್ನು ನಿಷೇಧಿಸಿತು. ಅದೇ ಅಕ್ಟೋಬರ್‌ನಲ್ಲಿ ಸೆನೆಟ್ 50–50 ಆಗಿ, ಉಪಾಧ್ಯಕ್ಷ ಪೆನ್ಸ್ ಅವರ ಮತದಿಂದ ನಿಯಮ ಬಿದ್ದುಹೋಯಿತು. ಹಾಗೆ ಬಿದ್ದ ನಿಯಮವನ್ನು ಹೆಚ್ಚುಕಡಿಮೆ ಅದೇ ರೂಪದಲ್ಲಿ ಮತ್ತೆ ತರುವಂತಿಲ್ಲ. ಈಗ ಉಳಿದಿರುವ ದಾರಿ ಒಂದೇ: ಕೆಲವು ಒಪ್ಪಂದಗಳು ಖಾತೆ ತೆರೆದ 30 ಅಥವಾ 60 ದಿನದೊಳಗೆ ಲಿಖಿತವಾಗಿ ಆ ಷರತ್ತಿನಿಂದ ಹೊರಗುಳಿಯಲು ಬಿಡುತ್ತವೆ. ಹೊಸ ಕಾರ್ಡ್ ಬಂದ ದಿನವೇ ಆ ಕಲಮು ಹುಡುಕಿ ಪತ್ರ ಹಾಕಿ.

ಹುಬ್ಬಳ್ಳಿಯವಳು

ಸಹ್ಯಾದ್ರಿಯವರು ಹೇಳಿದ ಷರತ್ತು ಎಷ್ಟು ಕೆಡುಕು ಎಂಬುದಕ್ಕೆ ವೆಲ್ಸ್ ಫಾರ್ಗೊ ಪ್ರಕರಣವೇ ಸಾಕ್ಷಿ. ಮಾರಾಟದ ಗುರಿ ಮುಟ್ಟಲು ಸಿಬ್ಬಂದಿ ಗ್ರಾಹಕರಿಗೆ ತಿಳಿಸದೆ ಸುಮಾರು 20 ಲಕ್ಷ ಠೇವಣಿ ಮತ್ತು ಕಾರ್ಡ್ ಖಾತೆಗಳನ್ನು ತೆರೆದಿರಬಹುದು ಎಂದು ಲೆಕ್ಕ ಸಿಕ್ಕಿತು. ಮೊದಲೇ ದಾವೆ ಹೂಡಿದವರನ್ನು ಪಂಚಾಯ್ತಿ ಷರತ್ತು ತೋರಿಸಿ ಹೊರಗೆ ಕಳಿಸಿದ್ದರು. 2016ರ ಸೆಪ್ಟೆಂಬರ್ 8ರಂದು ಒಟ್ಟು 18.5 ಕೋಟಿ ಡಾಲರ್ ದಂಡ ಬಿತ್ತು. ಅದರಲ್ಲಿ 10 ಕೋಟಿ ಬ್ಯೂರೊದ್ದು. ಸೆಪ್ಟೆಂಬರ್ 20ರ ವಿಚಾರಣೆಯಲ್ಲಿ ವಾರನ್ ಬ್ಯಾಂಕಿನ ಮುಖ್ಯಸ್ಥ ಜಾನ್ ಸ್ಟಂಪ್ ಅವರನ್ನು ಕೇಳಿದ ಪ್ರಶ್ನೆಗಳ ಕ್ರಮ ನೋಡಬೇಕು. ಸಂಬಳದಲ್ಲಿ ಒಂದು ರೂಪಾಯಿಯಾದರೂ ವಾಪಸ್ ಕೊಟ್ಟಿದ್ದೀರಾ, ಹಿರಿಯ ಅಧಿಕಾರಿ ಒಬ್ಬರನ್ನಾದರೂ ತೆಗೆದಿದ್ದೀರಾ ಎಂಬಂಥ ಹೌದು ಅಥವಾ ಇಲ್ಲ ಪ್ರಶ್ನೆಗಳು. ಕೆಲಸ ಕಳೆದುಕೊಂಡದ್ದು ಸುಮಾರು 5,300 ಕೆಳಹಂತದ ಸಿಬ್ಬಂದಿ. ಅಕ್ಟೋಬರ್‌ನಲ್ಲಿ ಸ್ಟಂಪ್ ಹುದ್ದೆ ಬಿಟ್ಟರು. ತರಗತಿಯಲ್ಲಿ ವಿದ್ಯಾರ್ಥಿಯನ್ನು ಎಬ್ಬಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವ ಕಾನೂನು ಶಾಲೆಯ ಪದ್ಧತಿಯನ್ನೇ ಅವರು ಅಲ್ಲಿ ಬಳಸಿದ್ದು.

ಮಲ್ಲಿಗೆಮೊಗ್ಗು

ಅವರ ಒಂದು ಕೆಲಸಕ್ಕೆ ಸದ್ದು ಕಡಿಮೆ, ಉಪಯೋಗ ಬಹಳ. ಶ್ರವಣಸಾಧನ. ವಾರನ್ ಅವರ ಮೊದಲ ಪದವಿ ವಾಕ್ ಮತ್ತು ಶ್ರವಣ ವಿಜ್ಞಾನದ್ದು, 1970ರಲ್ಲಿ ಹೂಸ್ಟನ್‌ನಿಂದ. ರಿಪಬ್ಲಿಕನ್ ಪಕ್ಷದ ಚಕ್ ಗ್ರಾಸ್ಲಿ ಜೊತೆ ಸೇರಿ ತಂದ ಮಸೂದೆ 2017ರಲ್ಲಿ ಕಾನೂನಾಯಿತು. ನಿಯಮ ಬರಲು ಐದು ವರ್ಷ ಹಿಡಿದು, 2022ರ ಅಕ್ಟೋಬರ್ 17ರಿಂದ 18 ದಾಟಿದವರು ಸೌಮ್ಯದಿಂದ ಮಧ್ಯಮ ಮಟ್ಟದ ಶ್ರವಣದೋಷಕ್ಕೆ ವೈದ್ಯರ ಚೀಟಿ ಇಲ್ಲದೆ ಅಂಗಡಿಯಲ್ಲೇ ಸಾಧನ ಕೊಳ್ಳುವಂತಾಯಿತು. ತೀವ್ರ ದೋಷ, ಒಂದೇ ಕಿವಿಯ ದೋಷ, ದಿಢೀರ್ ಕಿವುಡು, ಕಿವಿ ಸೋರುವಿಕೆ ಇದ್ದವರು ವೈದ್ಯರನ್ನೇ ಕಾಣಬೇಕು.

ಹುಬ್ಬಳ್ಳಿಯವಳು

ತುಂಗಾತೀರ ಅವರ ಮೂರನೇ ಪ್ರಶ್ನೆಗೆ ಬರುತ್ತೇನೆ, ಬರೆಯಲು ಸಂಕಟವಾಗುತ್ತದೆ.

ಬ್ಯೂರೊಗೆ ಹಣ ಬರುವುದು ಸಂಸತ್ತಿನ ವಾರ್ಷಿಕ ಅನುದಾನದಿಂದಲ್ಲ, ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನಿಂದ. ಲಾಬಿಗಾರರು ಬಜೆಟ್ ಹಿಡಿದು ಕುತ್ತಿಗೆ ಹಿಸುಕಬಾರದು ಎಂದೇ ಹಾಗೆ ಮಾಡಿದ್ದು. ಯಾರಿಗೂ ಉತ್ತರಿಸದ ಸಂಸ್ಥೆ ಎಂಬ ಆಕ್ಷೇಪ ಅಲ್ಲಿಂದಲೇ ಹುಟ್ಟಿತು. ಸುಪ್ರೀಂ ಕೋರ್ಟ್ 2020ರಲ್ಲಿ ಅಧ್ಯಕ್ಷರು ನಿರ್ದೇಶಕರನ್ನು ಯಾವಾಗ ಬೇಕಾದರೂ ತೆಗೆಯಬಹುದು ಎಂದಿತು. 2024ರ ಮೇ 16ರಂದು ಹಣದ ವ್ಯವಸ್ಥೆಯನ್ನು 7–2ರಲ್ಲಿ ಎತ್ತಿಹಿಡಿಯಿತು. ಕೋರ್ಟಿನಲ್ಲಿ ಉಳಿದದ್ದು ಮರುವರ್ಷವೇ ಬೇರೆ ದಾರಿಯಲ್ಲಿ ಕರಗಿತು. 2025ರ ಫೆಬ್ರವರಿ 1ರಂದು ನಿರ್ದೇಶಕ ರೋಹಿತ್ ಚೋಪ್ರಾ ಅವರನ್ನು ತೆಗೆದರು. ಹಂಗಾಮಿ ಮುಖ್ಯಸ್ಥ ರಸ್ಸೆಲ್ ವೋಟ್ ಸಿಬ್ಬಂದಿಗೆ ಕೆಲಸ ನಿಲ್ಲಿಸಲು ಹೇಳಿದರು. ಏಪ್ರಿಲ್‌ನಲ್ಲಿ ಸುಮಾರು 1,700 ಜನರಲ್ಲಿ 1,500ರಷ್ಟು ಮಂದಿಗೆ ಕೆಲಸದಿಂದ ತೆಗೆಯುವ ನೋಟಿಸು ಹೋಯಿತು, ನ್ಯಾಯಾಧೀಶರು ತಡೆದರು, ಮೇಲ್ಮನವಿಗಳು ನಡೆದವು. ಜುಲೈ 4ರ ಕಾನೂನು ಬ್ಯೂರೊ ಪಡೆಯಬಹುದಾದ ಹಣದ ಮಿತಿಯನ್ನು ಫೆಡರಲ್ ರಿಸರ್ವ್‌ನ ಕಾರ್ಯಾಚರಣೆ ವೆಚ್ಚದ 12%ದಿಂದ 6.5%ಕ್ಕೆ ಇಳಿಸಿತು. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆದಾಗ ದೊಡ್ಡ ಬ್ಯಾಂಕುಗಳು ಹಾಕುವ ಓವರ್‌ಡ್ರಾಫ್ಟ್ ಶುಲ್ಕವನ್ನು 5 ಡಾಲರಿಗೆ ಇಳಿಸುವ ನಿಯಮವನ್ನು ಸಂಸತ್ತು ಅಳಿಸಿತು, ಕಾರ್ಡಿನ ತಡಪಾವತಿ ಶುಲ್ಕವನ್ನು 8 ಡಾಲರಿಗೆ ಕಟ್ಟುವ ನಿಯಮವನ್ನು ನ್ಯಾಯಾಲಯ ರದ್ದು ಮಾಡಿತು.

ಉಳಿದಿರುವುದು ಡಾಡ್–ಫ್ರಾಂಕ್ ಕಾಯ್ದೆ. ಗೃಹಸಾಲ ಕೊಡುವ ಮುನ್ನ ತೀರಿಸುವ ಶಕ್ತಿ ಪರಿಶೀಲಿಸಬೇಕು, ಅರ್ಜಿ ಸಿಕ್ಕ 3 ಕೆಲಸದ ದಿನದಲ್ಲಿ ಅಂದಾಜು ಪತ್ರ, ಸಹಿಗೆ 3 ದಿನ ಮೊದಲು ಅಂತಿಮ ಪತ್ರ ಕೊಡಬೇಕು ಎಂಬ ನಿಯಮಗಳು ಬಿದ್ದಿಲ್ಲ. ಎರಡೂ ಪತ್ರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ; ಸಾಲ ಕೊಡುವವರ ಸ್ವಂತ ಶುಲ್ಕ ಸಕಾರಣವಿಲ್ಲದೆ ಏರುವಂತಿಲ್ಲ. ಕಾಯ್ದೆಯ 1042ನೇ ಕಲಮಿನಂತೆ ರಾಜ್ಯಗಳ ಅಟಾರ್ನಿ ಜನರಲ್‌ಗಳೂ ಇದನ್ನು ಜಾರಿ ಮಾಡಬಹುದು. ಆದ್ದರಿಂದ ಈಗ ದೂರು ಕೊಡುವವರು ಬ್ಯೂರೊ ಜೊತೆಗೆ ತಮ್ಮ ರಾಜ್ಯಕ್ಕೂ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ 2021ರಿಂದ ಬಲ ಪಡೆದ ರಾಜ್ಯದ್ದೇ ಹಣಕಾಸು ಸಂರಕ್ಷಣಾ ಇಲಾಖೆ ಇದೆ.

ಲೆಕ್ಕದ ಪುಸ್ತಕ

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಏನಿದೆ ಎಂದು ಕೇಳುವವರಿಗೆ: 2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ಹೊಸ ಚಿಲ್ಲರೆ ಸಾಲ, ಸಣ್ಣ ಉದ್ಯಮ ಸಾಲಗಳಿಗೆ ಮುಖ್ಯಾಂಶ ಪತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶವಿದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಕನ್ನಡದಲ್ಲೇ ಕೇಳಿ. ವಿಮೆ ಮುಂತಾದ ಹೊರಗಿನವರ ಶುಲ್ಕವೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಪತ್ರದಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ವಸೂಲಿ ಮಾಡುವಂತಿಲ್ಲ. ಕಿರುಸಾಲಕ್ಕೆ 2022ರಿಂದ ಇನ್ನೊಂದು ಮಿತಿ ಇದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಯ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ವಾರನ್ ಕೇಳಿದ್ದೂ ಇದನ್ನೇ, ತೀರಿಸಲಾಗದ ಸಾಲವನ್ನು ಕೊಟ್ಟವನೂ ಹೊಣೆಗಾರ. ತಕರಾರಿದ್ದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು, 30 ದಿನ ಕಾದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ.

ಮಿತಿ ಕಾಗದದಲ್ಲಿ ಇದ್ದರೂ ಕಿರುಸಾಲ ವಸೂಲಿಯ ಕಿರುಕುಳ ನಿಲ್ಲದೆ, ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡದ ಸುಗ್ರೀವಾಜ್ಞೆ ತರಬೇಕಾಯಿತು.

ಕಾನೂನುಕಟ್ಟೆ

ಒಂದು ಸೇರಿಸುತ್ತೇನೆ. ಅಮೆರಿಕದ 7ನೇ ಅಧ್ಯಾಯದಂಥದ್ದು ನಮ್ಮ 2016ರ ದಿವಾಳಿ ಸಂಹಿತೆಯಲ್ಲೂ ಬರೆದಿದೆ, ಹೊಸ ಆರಂಭ ಎಂಬ ಹೆಸರಿನಲ್ಲಿ. ವರ್ಷಕ್ಕೆ 60,000 ರೂಪಾಯಿ ಮೀರದ ಆದಾಯ, 20,000 ಮೀರದ ಆಸ್ತಿ, 35,000 ಮೀರದ ಸಾಲ ಇದ್ದವರಿಗೆ. ಆದರೆ ವ್ಯಕ್ತಿಗಳ ಭಾಗವನ್ನು 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿ ಮಾಡಿದರು. ಮುಂಬೈ, ಕೋಲ್ಕತ್ತಾ, ಚೆನ್ನೈ ನಗರಗಳ ಹೊರಗೆ ಉಳಿದವರಿಗೆ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. 500 ರೂಪಾಯಿ ಸಾಲ ಇದ್ದವನೂ ಅರ್ಜಿ ಹಾಕಬಹುದೆಂಬ ಕಲಮು ಅದರಲ್ಲಿ ಇನ್ನೂ ಕೂತಿದೆ.

1981ರ ಕಡತಗಳಿಗೆ ಮಾಡಿದ ಕೆಲಸವನ್ನು ಕರ್ನಾಟಕದ ಜಿಲ್ಲಾ ನ್ಯಾಯಾಲಯಗಳ ಈ ಕಡತಗಳಿಗೂ ಮಾಡಬಹುದು. ಕಾನೂನು ವಿದ್ಯಾರ್ಥಿಗಳು ಯಾರಾದರೂ ಇಲ್ಲಿ ಓದುತ್ತಿದ್ದರೆ, ಒಂದೊಂದು ಅರ್ಜಿಗೆ ಇವಿಷ್ಟು ಕಾಲಂ ಸಾಕು: ಕಸುಬು, ಮನೆಯಲ್ಲಿ ದುಡಿಯುವವರು ಎಷ್ಟು, ಮಕ್ಕಳು ಎಷ್ಟು, ಮೊದಲ ಸಾಲ ಯಾವಾಗ ಯಾರಿಂದ, ಅಸಲು ಎಷ್ಟು, ಅರ್ಜಿಯ ದಿನಕ್ಕೆ ಬಡ್ಡಿ ಸೇರಿ ಎಷ್ಟು, ಹಳೆ ಸಾಲ ತೀರಿಸಲು ಮಾಡಿದ ಹೊಸ ಸಾಲ ಇದೆಯೇ, ಅರ್ಜಿಗೆ ಹಿಂದಿನ ಎರಡು ವರ್ಷದಲ್ಲಿ ಕಾಯಿಲೆ, ಬೆಳೆನಷ್ಟ, ಕೆಲಸ ಹೋದದ್ದು ಯಾವುದು. ಕಾರಣದ ಕಾಲಂ ತುಂಬುವಾಗ ಸಹ್ಯಾದ್ರಿಯವರ ಎಚ್ಚರಿಕೆ ನೆನಪಿರಲಿ. ಅರ್ಜಿದಾರ ಹೇಳಿದ ಕಾರಣ ಒಂದು ಕಾಲಂ, ದಾಖಲೆ ತೋರಿಸುವ ಕಾರಣ ಬೇರೆ ಕಾಲಂ.